ಅದನ್ನು ಪುಂಡಿ ಎಂದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಹಸಿರು ಮೆತ್ತಿಕೊಂಡೇ ಇರುತ್ತಿತ್ತು. ಮೊದಲ ದಿನ ಹಾಜರಿ ಪುಸ್ತಕ ಮುಂದಿಡುವಾಗ ಅದನ್ನು ನೋಡಿ ನಾನು ಏನೋ ಕಾಯಿಲೆ ಅಂದುಕೊಂಡು ಪುಸ್ತಕದ ಇನ್ನೊಂದು ಅಂಚು ಹಿಡಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಗಿಡದ ಕುಡಿ ಚಿವುಟಿ ಚಿವುಟಿ ಹತ್ತಿದ ಬಣ್ಣ. ಸೋಪು ಹಾಕಿ ತೊಳೆದರೂ ಹೋಗುವುದಿಲ್ಲವಂತೆ. ತೊಳೆಯುವ ಶ್ರದ್ಧೆಯೂ ಅವರಿಗಿದ್ದಂತೆ ಕಾಣಲಿಲ್ಲ.

ಅವರು ನಮ್ಮ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕರು. ಹೊಲಗಳಿಗೆ ಹೋಗಿ ರೈತರಿಗೆ ಸಲಹೆ ಕೊಡುವುದು ಅವರ ಕೆಲಸ. ನಾನು ಅವರ ಮೇಲಿನ ಅಧಿಕಾರಿ. ಕಾಲೇಜು ಮುಗಿಸಿ ನೇರವಾಗಿ ಬಂದು ಕುರ್ಚಿಯಲ್ಲಿ ಕೂತವಳು. ಅವರು ಆಗಲೇ ಇಪ್ಪತ್ತೆಂಟು ವರ್ಷ ಸರ್ವೀಸು ಮುಗಿಸಿದ್ದರು. ಕಾಗದದ ಮೇಲೆ ಅವರು ನನ್ನ ಮಾತು ಕೇಳಬೇಕಿತ್ತು. ಹೊಲಕ್ಕಿಳಿದರೆ ನಾನು ಅವರ ಮಾತು ಕೇಳುತ್ತಿದ್ದೆ. ಇದು ಇಬ್ಬರಿಗೂ ಗೊತ್ತಿದ್ದರಿಂದ ಜಗಳ ಬರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಹಳೆಯ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು, ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಯಾರೋ ಒಬ್ಬರು, ಪ್ರೀತಿಯಿಂದಲೇ ಇರಬೇಕು, 'ನಮ್ಮ ಪುಂಡಿ ಸಾಹೇಬರಿಗೆ ಶಾಂತಿ ಸಿಗಲಿ' ಎಂದು ಹಾಕಿದ್ದರು. ಹೊಸಬರೊಬ್ಬರು 'ಯಾಕೆ ಆ ಹೆಸರು?' ಎಂದು ಕೇಳಿದರು. 'ಗಾಂಜಾ ಗಿಡ ನೋಡಿ ಪುಂಡಿ ಸೊಪ್ಪು ಅಂದಿದ್ರು ಪಾಪ' ಎಂದು ಉತ್ತರ ಬಂತು, ಜೊತೆಗೆ ಒಂದು ನಗುಮುಖ. ನಾನು ಏನೋ ಟೈಪು ಮಾಡಿದೆ, ಅಳಿಸಿದೆ. ಆ ಗುಂಪಿನಲ್ಲಿ ಹೇಳುವಷ್ಟು ಚಿಕ್ಕ ವಿಷಯ ಅದಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಕೆಟ್ಟದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ಮಾತ್ರ ಬರೆಯುತ್ತೇನೆ.

ಚಿವುಟುವುದು ಅವರಿಗೆ ಕೆಲಸವಲ್ಲ, ಚಟ. ಯಾರ ಮನೆಗೆ ಹೋದರೂ ಅಂಗಳದಲ್ಲಿ ನೆಟ್ಟಗೆ ಒಂದೇ ಕಡ್ಡಿಯಾಗಿ ಬೆಳೆಯುತ್ತಿರುವ ಗಿಡ ಕಂಡರೆ ಕೈ ಹೋಗಿಬಿಡುತ್ತಿತ್ತು. ಕೊರಟಗೆರೆಯಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಅಲಂಕಾರಕ್ಕೆ ಇಟ್ಟಿದ್ದ ಕುಂಡಗಳ ಕುಡಿಯನ್ನೆಲ್ಲ ಒಂದೊಂದಾಗಿ ಚಿವುಟುತ್ತಾ ಮುಂದೆ ಸರಿಯುತ್ತಿದ್ದರು. ಹುಡುಗಿಯ ಸೋದರಮಾವ ಬಂದು, "ಏನ್ ಸ್ವಾಮಿ, ಬಾಡಿಗೆ ಕುಂಡ ಅವು" ಎಂದ. ಇವರು ಅವನ ಕಡೆ ತಿರುಗದೆ, "ಬಾಡಿಗೆಯೋರ್ಗೂ ಒಳ್ಳೇದಾಗ್ಲಿ ಬುಡಿ" ಎಂದರು. ಕತ್ತರಿ ಕೊಟ್ಟರೆ ಬೇಡ ಅನ್ನುತ್ತಿದ್ದರು. "ಕತ್ತ್ರೀಗೆ ಎಳೇದು ಬಲ್ತಿದ್ದು ಗೊತ್ತಾಗಲ್ಲ ಮೇಡಂ. ಉಗುರಿಗೆ ಗೊತ್ತಾಯ್ತದೆ. ಉಗುರಿಗೆ ಆಗ್ಲಿಲ್ಲ ಅಂದ್ರೆ ಚಿವುಟೋ ಕಾಲ ಮುಗೀತು ಅಂತ."

ಸೇವಂತಿಗೆ ಅವರ ಅಚ್ಚುಮೆಚ್ಚು. ನೆಟ್ಟು ತಿಂಗಳಿಗೆ ಒಂದು ಸಲ ಕುಡಿ ಚಿವುಟಿ, ಒಡೆದ ಕವಲುಗಳನ್ನು ಬಾಳೆನಾರಿನಿಂದ ಮೆತ್ತಗೆ ಬಗ್ಗಿಸಿ ಸಣ್ಣ ಗೂಟಕ್ಕೆ ಕಟ್ಟಿಸುತ್ತಿದ್ದರು. ಗಿಡ ಮೇಲಕ್ಕೆ ಹೋಗದೆ ತಟ್ಟೆಯಂತೆ ಅಗಲವಾಗುತ್ತಿತ್ತು. ಎಲ್ಲ ಕವಲಿಗೂ ಬಿಸಿಲು, ಎಲ್ಲ ಕವಲಿಗೂ ಹೂವು. ಸೇವಂತಿಗೆ ಯಾವಾಗ ಮೊಗ್ಗು ಕಟ್ಟುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಹಗಲು ಚಿಕ್ಕದಾಗಬೇಕು, ಇಷ್ಟು ಗಂಟೆ ಕತ್ತಲೆ ಬೇಕು, ಇತ್ಯಾದಿ. ಅವರು ಹೇಳಿದ್ದು ಒಂದೇ ಸಾಲು. "ಸೇವಂತಿಗೆ ರಾತ್ರಿ ಅಳೀತದೆ ಮೇಡಂ. ರಾತ್ರಿ ಉದ್ದ ಆಗೋವರ್ಗೂ ಅದು ಎಲೆ ಬಿಟ್ಕಂಡು ಕಾಯ್ತಾ ಕುಂತಿರ್ತದೆ." ಪರೀಕ್ಷೆಯಲ್ಲಿ ಇದನ್ನು ಬರೆದಿದ್ದರೆ ಅಂಕ ಸಿಗುತ್ತಿರಲಿಲ್ಲ, ಆದರೆ ನೆನಪಿನಲ್ಲಿ ಉಳಿದಿರುವುದು ಇದೇ.

ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಹೂ ಬೆಳೆಯುವ ಹೆಂಗಸರು ತಮ್ಮ ಹೊಲದ ತಾಕು ತೋರಿಸಿ, "ಹೆಂಗೈತೆ ಸಾ?" ಎಂದರೆ, "ನನ್ನೇನ್ ಕೇಳ್ತೀಯ, ಗಿಡನ ಕೇಳು" ಎಂದು ಮುಂದೆ ಹೋಗುತ್ತಿದ್ದರು. ತಪ್ಪಿದ್ದರೆ ಮಾತ್ರ ನಿಲ್ಲುತ್ತಿದ್ದರು. ಹಾಗಾಗಿ ಅವರು ನಿಲ್ಲದೆ ಹೋದರೆ ಹೆಂಗಸರು ಸಂತೋಷಪಡುತ್ತಿದ್ದರು.

ಪಾವಗಡದ ಕಡೆ ಹೋದರೆ ಬೇರೆ ಮನುಷ್ಯ. ಅವರ ಹೆಂಡತಿಯ ತವರು ಆ ಕಡೆ. ಅಲ್ಲಿ ತೆಲುಗಿನಲ್ಲಿ ತಮಾಷೆ ಮಾಡುತ್ತಿದ್ದರು, ಕರೆದ ಮನೆಯಲ್ಲೆಲ್ಲ ಊಟ ಮಾಡುತ್ತಿದ್ದರು. ಪುಂಡಿ ಸೊಪ್ಪು ಅಂದರೆ ಜೀವ. ಅಲ್ಲಿಯವರು ಅದನ್ನು ಗೋಂಗೂರ ಅನ್ನುತ್ತಾರೆ. ಅದರ ಹುಳಿ ಚಟ್ನಿ ವಾರಕ್ಕೆ ಎರಡು ದಿನವಾದರೂ ಅವರ ಊಟದ ಡಬ್ಬಿಯಲ್ಲಿ ಇರುತ್ತಿತ್ತು. ಮುದ್ದೆಯನ್ನು ಅದರಲ್ಲಿ ಹೊರಳಿಸಿ ನುಂಗುವಾಗ ಕಚೇರಿಯಲ್ಲಿ ಯಾರೇ ಬಂದರೂ ಕಣ್ಣೆತ್ತುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಅವರ ಡೈರಿಯ ವಿಷಯವನ್ನೂ ಹೇಳಬೇಕು. ಹೊಲ ತಿರುಗುವ ನೌಕರರೆಲ್ಲ ಪ್ರವಾಸದ ಡೈರಿ ಬರೆಯಬೇಕು. ಯಾವ ದಿನ ಯಾವ ಊರು, ಯಾರ ತಾಕು, ಏನು ಸಲಹೆ. ಇವರು ಅದನ್ನು ಶನಿವಾರ ಸಂಜೆ ಒಂದೇ ಸಲ ಕೂತು ಬರೆಯುತ್ತಿದ್ದರು, ಮುತ್ತು ಪೋಣಿಸಿದ ಹಾಗೆ ಅಕ್ಷರ. ಮೂರು ದಿನ ಹೋಗಿರುತ್ತಿದ್ದರು, ಆರು ದಿನ ಬರೆಯುತ್ತಿದ್ದರು. ಅದು ಅವರೊಬ್ಬರ ಅಭ್ಯಾಸವಲ್ಲ. ಹೋಗಬೇಕೆಂದಿದ್ದು, ಮೇಲಿನವರು ಅಂಕಿಅಂಶದ ತಃಖ್ತೆ ಕೇಳಿದ್ದರಿಂದ ಕಚೇರಿಯಲ್ಲಿ ಉಳಿದುಹೋದ ದಿನಗಳು ಹೋದ ದಿನಗಳಾಗಿಯೇ ದಾಖಲಾಗುತ್ತಿದ್ದವು. ನಾನು ಪ್ರತಿ ತಿಂಗಳೂ ಆ ಡೈರಿಗೆ ಮೇಲುರುಜು ಹಾಕುತ್ತಿದ್ದೆ. ಓದಿ ಹಾಕಿದ್ದು ನೆನಪಿಲ್ಲ.

ಈರಕ್ಕನ ಊರು ಹುಲಿಕುಂಟೆಯ ಆಚೆ. ಗಂಡನಿಲ್ಲದ ಹೆಂಗಸು, ಬೋರ್‌ವೆಲ್ಲಿನ ನೀರಲ್ಲಿ ಒಂದು ಎಕರೆ ಸೇವಂತಿಗೆ ಬೆಳೆಯುತ್ತಿದ್ದಳು. ಚಿವುಟುವುದು, ಬಗ್ಗಿಸಿ ಕಟ್ಟುವುದು ಎಲ್ಲ ಇವರೇ ಕಲಿಸಿದ್ದು. ಅವಳ ತಾಕಿನಲ್ಲಿ ಇವರು ನಿಲ್ಲದೆ ನಡೆದು ಹೋಗುವುದನ್ನು ನಾನೇ ಕಂಡಿದ್ದೇನೆ, ಅದಕ್ಕಿಂತ ದೊಡ್ಡ ಬಿರುದು ಆ ಸೀಮೆಯಲ್ಲಿ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಅವಳ ಮೈದುನ, ಲಾರಿ ಓಡಿಸುವವನು, ಒಂದು ಸಣ್ಣ ಪೊಟ್ಟಣದಲ್ಲಿ ಬೀಜ ತಂದುಕೊಟ್ಟ. ಹೈಬ್ರಿಡ್ ಪುಂಡಿ, ಆಂಧ್ರದ ಕಡೆಯಿಂದ ತಂದದ್ದು, ಸೊಪ್ಪು ಬಂದಾಗ ನನಗೂ ಒಂದಿಷ್ಟು ಇಡು ಎಂದ. ಅವಳು ಬದುವಿನ ಪಕ್ಕ ಹಾಕಿದಳು. ನಾಲ್ಕು ಗಿಡ ಹುಟ್ಟಿದವು.

ಮೂರು ವಾರಕ್ಕೆ ಅವಳು ಇವರಿಗೆ ಫೋನು ಮಾಡಿದಳು. ನಾನು ಎದುರಿನ ಮೇಜಿನಲ್ಲೇ ಇದ್ದೆ. ಎಲೆ ಹೇಗಿದೆ ಎಂದು ಇವರು ಕೇಳಿದರು. ಬೆರಳು ಬಿಡಿಸಿದ ಹಾಗೆ, ಅಂಚು ಗರಗಸ ಎಂದಳು. "ಪುಂಡಿನೇ ಕಣಮ್ಮ. ಕುಡಿ ಚಿವುಟು, ಸೇವಂತಿಗೆ ಕಟ್ತೀಯಲ್ಲ, ಅಂಗೇ ಬಗ್ಸಿ ಕಟ್ಟು. ಸೊಪ್ಪು ಜಾಸ್ತಿ ಬತ್ತದೆ" ಎಂದು ಫೋನಿಟ್ಟರು. ಪುಂಡಿಯ ಎಲೆಯೂ ಗಾಂಜಾದ ಎಲೆಯೂ ದೂರಕ್ಕೆ ಒಂದೇ ಥರ. ಮಾತಿನಲ್ಲಿ ಹೇಳಿದರೆ ಇನ್ನೂ ಒಂದೇ ಥರ.

ಮತ್ತೆ ಎರಡು ವಾರಕ್ಕೆ ಎರಡನೆಯ ಫೋನು. ಗಿಡ ಮೊಣಕಾಲೆತ್ತರವೂ ಇಲ್ಲ, ಆಗಲೇ ತುದಿಯಲ್ಲಿ ಏನೋ ಗೊಂಚಲು ಕಟ್ಟುತ್ತಿದೆ, ಪಕಳೆಯಿಲ್ಲ, ಕೈಗೆ ಅಂಟುತ್ತದೆ, ವಾಸನೆ. ಪಕ್ಕದ ಹೊಲದವರು ಗಾಂಜಾ ಇರಬಹುದು ಅನ್ನುತ್ತಿದ್ದಾರೆ, ಕಿತ್ತು ಹಾಕಿಬಿಡಲೇ ಎಂದು ಕೇಳಿದಳು. ಇವರು ನಕ್ಕರು. ಅವರಿಗೆ ಗಾಂಜಾ ಗಿಡ ಗೊತ್ತಿಲ್ಲದ್ದಲ್ಲ. ಹಿಂದೆ ಎರಡು ಮೂರು ಕೇಸುಗಳಲ್ಲಿ ಪೊಲೀಸರು ಗಿಡ ಗುರುತಿಸಲು ಇವರನ್ನೇ ಕರೆದೊಯ್ದಿದ್ದರು. ಅವೆಲ್ಲ ಆಳೆತ್ತರದ ಗಿಡಗಳು, ದಸರೆ ಕಳೆದು ರಾತ್ರಿ ಉದ್ದವಾದ ಮೇಲೆ ಹೂವಿಗೆ ಬಂದವು. ಇವರು ಅದೇ ಲೆಕ್ಕ ಹಿಡಿದರು. "ಗಾಂಜಾ ಈ ಬ್ಯಾಸ್ಗೇಲಿ ಹೂವಿಗ್ ಬರಕಿಲ್ಲ ಕಣಮ್ಮ. ಅದೂ ಮೊಣಕಾಲುದ್ದಕ್ಕೆ? ಎಲ್ಲಾರ ಉಂಟಾ? ಹೈಬ್ರಿಡ್ ತಳಿ ಅಂದ್ಯಲ್ಲ, ಏನೋ ಏರುಪೇರಾಗೈತೆ. ಬುಧವಾರ ಬಂದು ನೋಡ್ತೀನಿ. ಅಲ್ಲೀವರ್ಗೂ ಕೀಳ್ಬ್ಯಾಡ."

ಬುಧವಾರ ಅವರು ಹೆಲ್ಮೆಟ್ ಹಿಡಿದು ಹೊರಟಿದ್ದರು. ತಡೆದವಳು ನಾನು. ಜಿಲ್ಲೆಗೆ ಕಳಿಸಬೇಕಾಗಿದ್ದ ಒಂದು ತಃಖ್ತೆಯಲ್ಲಿ ಹೋಬಳಿವಾರು ವಿಸ್ತೀರ್ಣ ಕೂಡುತ್ತಿರಲಿಲ್ಲ. ಅವರಿಗೆ ಆ ಅಂಕಿಗಳು ಬಾಯಿಪಾಠ. "ಇವತ್ತು ಇದು ಮುಗಿಸಿಕೊಡಿ, ಅಲ್ಲಿಗೆ ನಾಳೆ ಹೋದರಾಯಿತು" ಎಂದೆ. ನಾಳೆ ಇನ್ನೊಂದು ತಃಖ್ತೆ ಬಂತು. ಶನಿವಾರ ಸಂಜೆ ಅವರು ಡೈರಿಯಲ್ಲಿ ಬುಧವಾರದ ಎದುರು ಬರೆದರು: 'ಈರಕ್ಕನವರ ತಾಕಿಗೆ ಭೇಟಿ. ಪುಂಡಿ, ನಾಲ್ಕು ಗಿಡ, ಪರಿಶೀಲಿಸಲಾಯಿತು. ಕೀಳದಿರಲು ತಿಳಿಸಲಾಯಿತು.' ಅಂದು ತಿಂಗಳ ಕೊನೆ. ನಾನು ರುಜು ಹಾಕಿದೆ.

ಸೋಮವಾರ ಪೊಲೀಸರು ಈರಕ್ಕನ ಹೊಲಕ್ಕೆ ಹೋದರು. ಮೈದುನ ಹೆದ್ದಾರಿಯ ಪಕ್ಕ ಒಂದು ಟೀ ಅಂಗಡಿಯಲ್ಲಿ ಗಾಂಜಾ ಚೀಲದ ಸಮೇತ ಸಿಕ್ಕಿದ್ದ, ಅತ್ತಿಗೆಯ ಹೊಲದಲ್ಲೂ ಗಿಡ ಇವೆ ಎಂದಿದ್ದ. ಅವನಿಗೆ ಬೀಜ ಎಲ್ಲಿಂದ ಬಂತು ಎಂಬುದನ್ನು ಅವನು ಕೊನೆಯವರೆಗೂ ಹೇಳಲಿಲ್ಲ. ಗಿಡ ಗುರುತಿಸಲು ಒಬ್ಬರನ್ನು ಕಳಿಸಿ ಎಂದು ಠಾಣೆಯಿಂದ ಪತ್ರ ಬಂತು. ಊರಿನ ಹೆಸರು ಓದಿ ಪತ್ರವನ್ನು ಅವರ ಕಡೆ ತಿರುಗಿಸಿಟ್ಟೆ. ಬೇರೆಯವರನ್ನು ಕಳಿಸಲೇ ಎಂದು ಕೇಳಿದೆ. "ನಾನೇ ಹೋಯ್ತೀನಿ ಬುಡಿ" ಎಂದರು.

ಮಧ್ಯಾಹ್ನ ಮೂರಕ್ಕೆ ವಾಪಸಾದರು. ಊಟದ ಡಬ್ಬಿ ಬಿಚ್ಚಲಿಲ್ಲ. ನಾನು ಕೇಳುವ ಮೊದಲೇ, "ಗಾಂಜಾನೇ ಮೇಡಂ. ರುಜು ಹಾಕಿ ಬಂದೆ" ಎಂದರು. ಹೆಲ್ಮೆಟ್ ಕೆಳಗಿಟ್ಟು, "ಹತ್ತು ಮಾರು ದೂರದಾಗೇ ಗೊತ್ತಾಗೋಯ್ತು" ಎಂದರು. ಕುರ್ಚಿಯಲ್ಲಿ ಕೂತ ಮೇಲೆ, "ನಾಲ್ಕನೇ ಗೆಣ್ಣಿಗೆ ಚಿವುಟವಳೆ. ಬಾಳೆನಾರಲ್ಲಿ ಎಲ್ಲಾ ಕವ್ಲೂ ನೆಲಕ್ಕೆ ಸಮನಾಗಿ ಬಗ್ಸವಳೆ. ಕೆಲಸ ಚೆನ್ನಾಗಿತ್ತು. ಅದೇ ಬ್ಯಾಸರ" ಎಂದರು.

ಆ ಬೇಸರ ಯಾಕೆ ಎಂಬುದು ಮುಂದೆ ಸ್ಪಷ್ಟವಾಯಿತು. ತಾನಾಗಿ ಹುಟ್ಟಿದ ಗಿಡವಾಗಿದ್ದರೆ ಗೊತ್ತಿರಲಿಲ್ಲ ಎಂದು ವಾದಿಸಬಹುದಿತ್ತು. ಇಷ್ಟು ಅಚ್ಚುಕಟ್ಟಾಗಿ ಚಿವುಟಿ, ಕಟ್ಟಿ, ಪಳಗಿಸಿದ ಗಿಡವನ್ನು ಗೊತ್ತಿಲ್ಲದೆ ಬೆಳೆದೆ ಎಂದರೆ ಯಾರು ನಂಬುತ್ತಾರೆ? ಈರಕ್ಕ ಒಂದೂವರೆ ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದಳು. ಶಿಕ್ಷೆಯಾದರೆ ವರ್ಷಗಟ್ಟಲೆ ಎಂದು ಅವಳ ವಕೀಲರು ಹೇಳಿದ್ದರಂತೆ. ತೋಟದ ಸಾಹೇಬರೇ ಕೀಳಬೇಡ ಅಂದಿದ್ದರು ಎಂದು ಅವಳು ಹೇಳುತ್ತಲೇ ಇದ್ದಳು. ಫೋನಿನಲ್ಲಿ ಆಡಿದ ಮಾತಿಗೆ ಕಾಗದದ ಸಾಕ್ಷಿಯಿಲ್ಲ.

ಆ ಗಿಡದ ಬಗ್ಗೆ ಇವರು ಬಿಡಲಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಪರಿಚಯದ ವಿಜ್ಞಾನಿಯೊಬ್ಬರಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದರು. ಶೀತದೇಶದ ಒಂದು ಗಿಡ್ಡ ಜಾತಿಯ ಜೊತೆ ಕೂಡಿಸಿ ಮಾಡಿದ ತಳಿಯಂತೆ ಅದು. ಹಗಲು ರಾತ್ರಿಗಳ ಪರಿವೆ ಇಲ್ಲದೆ, ಇಂತಿಷ್ಟು ದಿನ ತುಂಬಿದ ಕೂಡಲೆ ತಾನಾಗಿ ಹೂ ಬಿಡುತ್ತದೆ. ಆಯಸ್ಸು ಒಟ್ಟು ಎರಡೂವರೆ ತಿಂಗಳು. ಚಿವುಟುವುದಾದರೆ ಮೂರನೆಯ ವಾರದೊಳಗೆ ಚಿವುಟಬೇಕು, ತಡವಾದರೆ ಸುಧಾರಿಸಿಕೊಳ್ಳಲು ಅದಕ್ಕೆ ಪುರಸೊತ್ತಿಲ್ಲ, ಕುಂಟುತ್ತಲೇ ಹೂವಿಗೆ ಬಂದುಬಿಡುತ್ತದೆ. ಬಗ್ಗಿಸಿ ಕಟ್ಟುವುದೇ ವಾಸಿ. ಇದನ್ನೆಲ್ಲ ನನಗೆ ಹೇಳುವಾಗ ಅವರ ದನಿಯಲ್ಲಿ, ಹೇಳಬಾರದು, ಒಂದು ಮೆಚ್ಚುಗೆ ಇತ್ತು. "ಸೂರ್ಯನ ಹಂಗೇ ಇಲ್ಲ ಅದ್ಕೆ. ತನ್ನ ವಯಸ್ಸು ತಾನೇ ಎಣಿಸ್ಕತದೆ. ಇಂಥದ್ದೊಂದು ಐತೆ ಅಂತ ನಂಗೆ ಗೊತ್ತಿರ್ಲಿಲ್ಲವಲ್ಲ ಮೇಡಂ" ಎಂದರು. ಆಮೇಲೆ, "ಹೋಗಿದ್ರೆ ಅದೂ ಗೊತ್ತಾಗ್ತಿತ್ತು" ಎಂದು ಸೇರಿಸಿದರು.

ಸಾಕ್ಷಿ ಹೇಳಲು ಸಮನ್ಸು ಬಂದ ದಿನ ಅವರು ಡೈರಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಆ ಬುಧವಾರದ ಸಾಲನ್ನು ನಾನು ಮೊದಲ ಸಲ ಓದಿದ್ದು ಆಗ. ಕೆಳಗೆ ನನ್ನದೇ ರುಜು. ಡೈರಿಯನ್ನು ಯಾರೂ ಕೇಳಿಲ್ಲವಲ್ಲ ಎಂದೆ. ಇದನ್ನು ನಾನು ಹೇಳಿದ್ದು ನಿಜ, ಇಲ್ಲಿ ಮುಚ್ಚಿಡುವುದಿಲ್ಲ.

"ಕೇಳಿಲ್ಲ. ನಾನೇ ಈರಕ್ಕನ ವಕೀಲ್ರಿಗೆ ತೋರ್ಸಿ ಬಂದೆ" ಎಂದರು.

"ಹೋಗಿರಲಿಲ್ಲ ಎಂದು ಹೇಳುತ್ತೀರಾ?"

"ಅಂಗಂದ್ರೆ ಈ ಡೈರಿ ಸುಳ್ಳಾಯ್ತದೆ. ಡೈರಿ ಸುಳ್ಳಾದ್ರೆ ಈರಕ್ಕಂಗೆ ಬಾಯಿಮಾತು ಬಿಟ್ರೆ ಇನ್ನೇನೂ ಇಲ್ಲ. ಹೋಗಿದ್ದೆ, ಕಣ್ಣಾರೆ ನೋಡ್ದೆ, ತಿಳೀಲಿಲ್ಲ ಅಂತೀನಿ."

"ನಿಮಗೆ ಗಿಡ ತಿಳಿಯಲಿಲ್ಲ ಎಂದರೆ ಜನ ಏನಂದಾರು?"

"ತಿಳೀಲಿಲ್ಲ ಅಂತಾರೆ."

ಡೈರಿ ಸುಳ್ಳಲ್ಲ ಎಂದಾದರೆ ನನ್ನ ರುಜುವೂ ಉಳಿಯುತ್ತದೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಓಡಿತ್ತು. ಅವರ ತಲೆಯಲ್ಲಿ ಓಡಿತ್ತೋ ಇಲ್ಲವೋ ಗೊತ್ತಿಲ್ಲ, ಅವರು ಅದರ ಮಾತೆತ್ತಲಿಲ್ಲ. ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಧುಗಿರಿಯ ಕೋರ್ಟಿಗೆ ನಾನೂ ಕಚೇರಿಯ ಕಡತ ಹಿಡಿದು ಹೋಗಿದ್ದೆ, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಈರಕ್ಕ ಆರೋಪಿಗಳ ಕಟಕಟೆಯಲ್ಲಿ ಮೈದುನನಿಂದ ಒಂದು ಮಾರು ದೂರ ನಿಂತಿದ್ದಳು. ಇವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದರು. ಪೊಲೀಸರ ಜೊತೆ ಹೋಗಿ ಗುರುತಿಸಿದ್ದು ಗಾಂಜಾ ಎಂದು ಮೊದಲು ಹೇಳಿದರು. ಆಮೇಲೆ ಅವಳ ವಕೀಲರು ಡೈರಿ ತೋರಿಸಿ ಕೇಳಿದಾಗ, ಹೌದು, ಅದಕ್ಕೂ ಐದು ದಿನ ಮೊದಲು ಹೋಗಿ ನೋಡಿದ್ದೆ, ಪುಂಡಿ ಎಂದು ತಿಳಿದೆ, ಚಿವುಟಿ ಕಟ್ಟಲು ಹೇಳಿದವನೂ ಕೀಳಬೇಡ ಎಂದವನೂ ನಾನೇ ಎಂದರು. ಸರ್ಕಾರಿ ವಕೀಲರು ತಮ್ಮ ಸಾಕ್ಷಿಯನ್ನೇ ಪಾಟೀಸವಾಲು ಮಾಡಲು ಅನುಮತಿ ಕೇಳಿದರು.

"ಎಷ್ಟು ವರ್ಷದ ಸರ್ವೀಸು ನಿಮ್ಮದು?"

"ಮೂವತ್ತು ನಡೀತೈತೆ ಸ್ವಾಮಿ."

"ಪುಂಡಿ ಸೊಪ್ಪು ಕಂಡಿದ್ದೀರಾ?"

"ಕಂಡಿದೀನಿ."

"ತಿಂದಿದ್ದೀರಾ?"

"ವಾರಕ್ಕೆ ಎರಡ್ ದಿನ ತಿಂತೀನಿ."

ಕೋರ್ಟಿನಲ್ಲಿ ಯಾರೋ ನಕ್ಕರು. ಇವರು ತಲೆ ತಗ್ಗಿಸಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದರು.

"ವಾರಕ್ಕೆ ಎರಡು ದಿನ ತಿನ್ನುವ ಸೊಪ್ಪು ಯಾವುದು, ಗಾಂಜಾ ಯಾವುದು ಎಂದು ನಿಮಗೆ ಕಣ್ಣೆದುರು ಇದ್ದರೂ ಗೊತ್ತಾಗಲಿಲ್ಲ?"

"ಗೊತ್ತಾಗ್ಲಿಲ್ಲ ಸ್ವಾಮಿ."

"ಆದರೆ ಐದು ದಿನ ಬಿಟ್ಟು ಗೊತ್ತಾಯಿತು?"

"ಪೊಲೀಸ್ರು ಗಾಂಜಾ ಅಂದ ಮ್ಯಾಲೆ ಸರಿಯಾಗಿ ನೋಡ್ದೆ. ಮೊದ್ಲೇ ಸರಿಯಾಗಿ ನೋಡಿದ್ರೆ ಆ ಹೆಣ್ಮಗಳು ಇಲ್ಲಿ ನಿಂತಿರ್ತಿರ್ಲಿಲ್ಲ."

ನಾನು ಹಿಂದಿನ ಬೆಂಚಿನಲ್ಲಿ ಕಡತ ಬಿಗಿಯಾಗಿ ಹಿಡಿದು ಕೂತಿದ್ದೆ. ಆ ಇಡೀ ಕೋಣೆಯಲ್ಲಿ ಅವರು ಹೇಳುತ್ತಿರುವುದು ಸುಳ್ಳೆಂದು ಗೊತ್ತಿದ್ದವರು ಮೂವರು. ಅವರು, ನಾನು, ಮತ್ತು ಕಟಕಟೆಯಲ್ಲಿ ನಿಂತ ಈರಕ್ಕ. ಆ ಬುಧವಾರ ಇಡೀ ದಿನ ಅವಳು ಬದುವಿನ ಮೇಲೆ ಕೂತು ದಾರಿ ಕಾದಿದ್ದಳಲ್ಲ. ನಾನು ಅವಳ ಮುಖ ನೋಡಿದೆ. ಅವಳು ಇವರನ್ನೇ ನೋಡುತ್ತಿದ್ದಳು.

ತೀರ್ಪು ಬರುವ ಮೊದಲೇ ಸುದ್ದಿ ಹೊಲ ಹೊಲ ಸುತ್ತಿತು. ಮೇಲಿನವರಿಂದ ಅವರಿಗೆ ಕಾರಣ ಕೇಳಿ ನೋಟೀಸು ಬಂತು, ಗಿಡ ಗುರುತಿಸುವ ಕೆಲಸಕ್ಕೆ ಇನ್ನು ಮುಂದೆ ಇವರನ್ನು ಕಳಿಸಬಾರದು ಎಂಬ ಸೂಚನೆ ನನಗೆ ಬಂತು. ಅದಕ್ಕಿಂತ ಕೆಟ್ಟದ್ದು ಊರುಗಳಲ್ಲಿ ಆದದ್ದು. ಕಳ್ಳಂಬೆಳ್ಳದ ಕಡೆ ಒಬ್ಬ ರೈತ ನನ್ನೆದುರೇ ಒಂದು ಬೆಂಡೆ ಎಲೆ ಕಿತ್ತು ಇವರ ಮುಂದೆ ಹಿಡಿದು, "ಇದೇನು ಸಾ, ಪುಂಡಿನಾ, ಇನ್ನೊಂದಾ?" ಎಂದ. ಸುತ್ತಲಿದ್ದವರು ನಕ್ಕರು. ಇವರು ಎಲೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಬೆಂಡೆ. ಹೇನು ಬಿದ್ದೈತೆ, ಬೇವಿನೆಣ್ಣೆ ಹೊಡಿ" ಎಂದು ಹೇಳಿ ಮುಂದೆ ಹೋದರು. ಹಿಂದೆ ಅವರು ನಿಲ್ಲದೆ ಹೋದರೆ ಜನ ಸಂತೋಷಪಡುತ್ತಿದ್ದರು ಎಂದೆನಲ್ಲ. ಈಗ ಅವರು ನಿಂತರೂ ಹೋದರೂ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವರ ಊಟದ ಡಬ್ಬಿಯಲ್ಲಿ ಪುಂಡಿ ಚಟ್ನಿ ನಿಂತುಹೋಯಿತು. ಅವರು ಬೇಡ ಎಂದರೋ, ಮನೆಯಲ್ಲೇ ಮಾಡುವುದು ಬಿಟ್ಟರೋ, ನಾನು ಕೇಳಲಿಲ್ಲ.

ನಿಜ ಹೇಳಿಬಿಡಲೇ ಎಂದು ಒಂದು ದಿನ ನಾನು ಅವರನ್ನು ಕೇಳಿದೆ. ಕೇಳಿದ್ದು ದೊಡ್ಡಸ್ತಿಕೆಯಲ್ಲ, ಬೇಡ ಅನ್ನುತ್ತಾರೆಂದು ಗೊತ್ತಿದ್ದೇ ಕೇಳಿದ್ದು. ಅವರು, "ತೀರ್ಪು ಬರ್ಲಿ ಇರಿ" ಎಂದರು. ತೀರ್ಪು ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ, ಅದೂ ಇಬ್ಬರಿಗೂ ಗೊತ್ತಿತ್ತು.

ತೀರ್ಪು ಮರುವರ್ಷದ ಶ್ರಾವಣದಲ್ಲಿ ಬಂತು, ಒಂದು ಶನಿವಾರ. ಮೈದುನನಿಗೆ ಶಿಕ್ಷೆಯಾಯಿತು. ಇಷ್ಟು ವರ್ಷ ಗಿಡಗಳ ನಡುವೆ ಕೆಲಸ ಮಾಡಿದ ಸರ್ಕಾರಿ ನೌಕರನಿಗೇ ಕಣ್ಣಾರೆ ನೋಡಿಯೂ ತಿಳಿಯದಿದ್ದದ್ದು ಓದುಬರಹವಿಲ್ಲದ ಹೆಂಗಸಿಗೆ ತಿಳಿದಿತ್ತು ಎನ್ನಲಾಗದು ಎಂಬ ಅರ್ಥದ ಮಾತು ತೀರ್ಪಿನಲ್ಲಿತ್ತು. ಈರಕ್ಕ ಬಿಡುಗಡೆಯಾದಳು.

ನಾವಿಬ್ಬರೂ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದೆವು. ಅವಳು ಮೆಟ್ಟಿಲಿಳಿದು ನೇರವಾಗಿ ನಮ್ಮ ಹತ್ತಿರವೇ ಬಂದಳು. ಕೈ ಮುಗಿಯುತ್ತಾಳೆ, ಅಳುತ್ತಾಳೆ ಎಂದುಕೊಂಡು ನಾನು ಸ್ವಲ್ಪ ಸರಿದು ನಿಂತೆ. ಅವಳು ಕೈ ಮುಗಿಯಲಿಲ್ಲ.

"ನೀವು ಬರ್ಲೇ ಇಲ್ವಲ್ಲ ಸಾ ಅವತ್ತು" ಎಂದಳು.

"ಇಲ್ಲ ಕಣಮ್ಮ."

"ಬಂದಿದ್ರೆ ಗೊತ್ತಾಯ್ತಿತ್ತಾ?"

"ಗೊತ್ತಾಯ್ತಿತ್ತು."

ನಾನು ಬಾಯಿ ತೆರೆದೆ, ತಡೆದವಳು ನಾನು ಎಂದು ಹೇಳಲು. ಇವರು ನನ್ನ ಕಡೆ ಒಂದು ಸಲ ನೋಡಿದರು. ನಾನು ಸುಮ್ಮನಾದೆ. ಈಗ ಅನ್ನಿಸುತ್ತದೆ, ಅವರ ನೋಟ ಸುಮ್ಮನಿರಿ ಎಂದು ಹೇಳಿತೋ ಇಲ್ಲವೋ. ನನಗೆ ಹಾಗೆ ಓದಿಕೊಳ್ಳುವುದು ಅನುಕೂಲವಾಗಿತ್ತು.

ಈರಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಈ ಸಲ ಸಸಿ ತಡವಾಗಿ ಇಕ್ಕಿದೀನಿ. ಚಿವುಟೋ ಹೊತ್ತಾಗೈತೆ" ಎಂದಳು. "ನಾಳೆ ಬಂದು ನೋಡಿ."

"ಬತ್ತೀನಿ."

"ಬರ್ಬೇಕು ಸಾ."

ಅವಳು ಬಸ್ಸಿಗೆ ಹೋದಳು. ಇವರು ಅವಳು ಹೋದ ದಿಕ್ಕನ್ನೇ ನೋಡುತ್ತಾ ನಿಂತಿದ್ದರು, ಆಮೇಲೆ ಟೀ ಕುಡಿಯೋಣ ಎಂದರು. ನಾಳೆ ಭಾನುವಾರ ಎಂದು ನಾನು ನೆನಪಿಸಲಿಲ್ಲ.

ಸೋಮವಾರ ಅವರು ಡೈರಿ ತಂದಿಟ್ಟರು. ಆ ಹೊತ್ತಿಗೆ ನಾನು ಓದಿಯೇ ರುಜು ಹಾಕುವ ಅಭ್ಯಾಸ ಮಾಡಿಕೊಂಡಿದ್ದೆ. ಶನಿವಾರದ ಎದುರು ಕೋರ್ಟು ಎಂದಿತ್ತು. ಅದರ ಕೆಳಗಿನ ಭಾನುವಾರದ ಸಾಲು ಖಾಲಿ ಇತ್ತು. ಈರಕ್ಕನ ಹೊಲಕ್ಕೆ ಹೋಗಲಿಲ್ಲವೇ ಎಂದು ಕೇಳಿದೆ.

"ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೇವರ್ಗೂ ಇದ್ದೆ. ಒಂದೆಕ್ರೆನೂ ಇಬ್ರೇ ಚಿವುಟಿದ್ವಿ."

"ಮತ್ತೆ ಬರೆದಿಲ್ಲವಲ್ಲ?"

ಅವರು ಡೈರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿದರು.

"ಹೋಗಿದ್ನಲ್ಲ ಮೇಡಂ" ಎಂದರು. "ಅದುನ್ನ್ಯಾಕೆ ಬರೀಬೇಕು?"